ಗಂಜಲದ ಸೌಟು

"ಮನೇಲಿ ಆಡುಗಳಿವೆ ಫಾಕ್ಲರಮ್ಮ, ಗಂಜಲದ ಹೊಂಡ ಇದೆ. ಇಂಥದ್ದೊಂದು ಸೌಟು ಸಿಕ್ಕಿದ್ರೆ ಅನುಕೂಲ ಆಗ್ತಿತ್ತು" ಎನ್ನುವಾಗ ಲೋಥಾರನ ದನಿ ಎಲ್ಲೂ ತಡವರಿಸಲಿಲ್ಲ. ಅವನಿಗೆ ಆಡೂ ಇರಲಿಲ್ಲ, ಹೊಂಡವೂ ಇರಲಿಲ್ಲ. ಉಲ್ಮ್ ಪಟ್ಟಣದಲ್ಲಿ, ಮೂರನೆಯ ಮಹಡಿಯಲ್ಲಿ, ಎರಡು ಕೋಣೆಯ ಮನೆಯಿತ್ತು. ಅದರ ತುಂಬ ಯುದ್ಧಕಾಲದ ಹೆಲ್ಮೆಟ್ಟುಗಳಿದ್ದವು.

ಎದುರಿಗೆ, ಫಾಕ್ಲರಮ್ಮನ ಹಟ್ಟಿಯ ಗೋಡೆಗೆ, ಆಳುದ್ದದ ಹಿಡಿಕೆಯ ಸೌಟೊಂದು ನೇತುಬಿದ್ದಿತ್ತು. ಅದರ ಬಟ್ಟಲು ಜರ್ಮನ್ ಉಕ್ಕಿನ ಹೆಲ್ಮೆಟ್. ಅದೇನೂ ವಿಶೇಷವಲ್ಲ. ಯುದ್ಧ ಸೋತ ವರ್ಷ ಈ ಆಲ್ಗಾಯ್ ಸೀಮೆಯಲ್ಲಿ ತಗಡಿಗೂ ಬರ. ದಾರಿಯಲ್ಲಿ ಬಿದ್ದ ಹೆಲ್ಮೆಟ್ಟುಗಳಿಗೆ ತೂತು ಕೊರೆದು ಕೆಲವರು ಅಡುಗೆಮನೆಗೆ ಜರಡಿ ಮಾಡಿಕೊಂಡರು, ಕೆಲವರು ಹಿಡಿಕೆ ಬಡಿದು ಹಟ್ಟಿಗೆ ಸೌಟು ಮಾಡಿಕೊಂಡರು. ಆದರೆ ಅಂಚಿನ ಮಡಿಕೆಯನ್ನು ಬೆರಳಲ್ಲಿ ಸವರಿದ ಕೂಡಲೇ ಲೋಥಾರನಿಗೆ ಗೊತ್ತಾಗಿತ್ತು, ಇದು ಯುದ್ಧದ ಮೊದಮೊದಲ ವರ್ಷಗಳ ಅಚ್ಚು, ಅಪರೂಪದ್ದು.

ಯಾರದು ಎಂದು ವಿಚಾರಿಸಿದ. ಇಲ್ಲೇ ಇತ್ತು, ಆಗ ಎಲ್ಲೆಲ್ಲೂ ಬಿದ್ದಿದ್ದವಲ್ಲ ಎಂದಳು ಮುದುಕಿ. ಎಂಬತ್ತೆರಡರ ಕ್ರೆಸೆನ್ಸ್ ಫಾಕ್ಲರ್ ಹಟ್ಟಿಯ ಬಾಗಿಲಲ್ಲೇ ನಿಂತಿದ್ದಳು. ಹಿಂದಿನ ವರ್ಷ ಮಗ ಹಸುಗಳನ್ನೆಲ್ಲ ಮಾರಿದ್ದ. ಹಟ್ಟಿಯನ್ನು ಪ್ರವಾಸಿಗರ ಕೋಣೆಗಳಾಗಿ ಮಾಡಲು ಹೊರಟಿದ್ದ. ಹೊಂಡದ ತಳ ಒಣಗಿ ಬಿರುಕು ಬಿಟ್ಟಿತ್ತು.

"ದಿನಾ ಬಳಸ್ತೀರಾ?" ಎಂದು ಕೇಳಿದಳು.

"ದಿನಾ."

"ಭಾನುವಾರ?"

"ಆಡುಗಳಿಗೆ ಭಾನುವಾರ ಉಂಟೇನಮ್ಮಾ?"

ಅವಳು ನಗಲಿಲ್ಲ. ನಿಮ್ಮ ಕಾಲ ಆದಮೇಲೆ ಯಾರು ಎಂದಳು. ಮಗನಿದ್ದಾನೆ ಎಂದ ಲೋಥಾರ್. ಮಗನೂ ಇರಲಿಲ್ಲ. ಬದಲಿಗೆಂದು ತಂದಿದ್ದ ಹೊಸ ಪ್ಲಾಸ್ಟಿಕ್ ಸೌಟನ್ನು ಚಾಚಿದ. ಅವಳು ಅದರತ್ತ ನೋಡಲೂ ಇಲ್ಲ. ತಾನೇ ತುದಿಗಾಲಲ್ಲಿ ನಿಂತು, ಗೋಡೆಯಿಂದ ಹಳೆಯದನ್ನು ಇಳಿಸಿ, ಎರಡೂ ಕೈಗಳಲ್ಲಿ ಕೊಟ್ಟಳು. ದೊಡ್ಡ ಭಾರ ಇಳಿದವಳಂತೆ ಉಸಿರು ಬಿಟ್ಟಳು. ಕಾರಿನಲ್ಲಿ ಕೂತ ಲೋಥಾರ್, ಇಷ್ಟು ಸುಲಭದ ಬೇಟೆ ತನಗೆ ಈವರೆಗೆ ಸಿಕ್ಕಿಲ್ಲ ಎಂದುಕೊಂಡ.

ನಕಲಿ ಮಾಡುವವರು ಹೆಲ್ಮೆಟ್ಟನ್ನು ಆರು ತಿಂಗಳು ಗೊಬ್ಬರದಲ್ಲಿ ಹೂತು ಹಳತು ಮಾಡುತ್ತಾರೆ. ಆ ಮೋಸವನ್ನು ಮೂಸಿಯೇ ಹಿಡಿಯುವವನು ಲೋಥಾರ್. ಅವನು ಅಸಲಿ ಎಂದು ಬರೆದುಕೊಟ್ಟರೆ ಮ್ಯೂನಿಕ್ಕಿನ ಸಂಗ್ರಹಕಾರರೂ ಎದುರಾಡುತ್ತಿರಲಿಲ್ಲ. ಈಗ ಅವನು ಹಿಡಿಕೆಯ ಮೊಳೆ ಕಿತ್ತ. ಬೆಚ್ಚಗಿನ ನೀರು, ಮೆತ್ತನೆ ಕುಂಚ, ಸಂಜೆಯ ಹೊತ್ತಿಗೆ ಹೆಬ್ಬೆಟ್ಟಗಲದಷ್ಟು ಜಾಗ ಶುಚಿಯಾಯಿತು. ಕಲ್ಲಾಗಿದ್ದ ಪದರ ಪದರ ಹೊಲಸಿನ ಕೆಳಗೆ ಹಸಿರು ಬಣ್ಣ ಕಂಡಿತು. ಆಮೇಲೆ ಬಲಗಡೆ, ಅರ್ಧ ಉಳಿದ ಹದ್ದಿನ ಗುರುತು. ಪೊಲೀಸ್ ಪಡೆಯದು. ಯುದ್ಧದಲ್ಲಿ ಸೇನೆಯ ಬೆನ್ನಿಗೆ ಪೂರ್ವದ ಗಡಿಯಾಚೆಯ ಹಳ್ಳಿಗಳಿಗೆ ಹೋದ ತುಕಡಿಗಳು ತೊಟ್ಟದ್ದು. ಸಾವಿರಕ್ಕೊಂದು ಸಿಗುವ ಮಾಲು. ಅಂದು ರಾತ್ರಿ ಅವನು ಊಟವನ್ನೂ ಮರೆತ.

ಮರುದಿನ ಕತ್ತಿನ ಭಾಗದ ಒಳಗೆ ಬಿಳಿ ಬಣ್ಣದ ಅಕ್ಷರಗಳು ಎದ್ದವು: ಆಲೋಯಿಸ್ ಫಾಕ್ಲರ್.

ಹೆಂಡತಿ ಹೆಡ್ವಿಗ್ ಅವನ ಭುಜದ ಮೇಲಿಂದ ಬಗ್ಗಿ ಓದಿದಳು. "ಆ ಮುದುಕಿಯ ಗಂಡಂದು. ಆಡು ಇದೆ, ಹೊಂಡ ಇದೆ ಅಂತ ಹೇಳಿ ತಂದ್ರಲ್ಲ, ಆ ಸುಳ್ಳಿಗೂ ಒಂದು ಪ್ರಮಾಣಪತ್ರ ಬರೆದುಬಿಡಿ. ಅಸಲಿ ಅಂತ."

ಲೋಥಾರನ ಮುಖ ಕಿವಿಯವರೆಗೂ ಕೆಂಪೇರಿತು. ಪಾಪದ ಹೆಂಗಸು. ತನ್ನ ಗಂಡನ ಹೆಸರು ಹೊಲಸಿನಡಿ ಹೂತಿದೆಯೆಂದು ತಿಳಿಯದೆ ಅವಳು ಇಷ್ಟು ವರ್ಷ ಗಂಜಲ ಮೊಗೆದಿದ್ದಾಳೆ. ಉಳಿದಿದ್ದ ಆ ಒಂದು ನೆನಪನ್ನೂ ತಾನು ಹಲ್ಲುಕಿರಿದು ಎಗರಿಸಿ ತಂದಿದ್ದೇನೆ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿದಾಗ ಅವನಿಗೆ ತಲೆಯೆತ್ತಲಾಗಲಿಲ್ಲ. ಕೊಳ್ಳಲು ಕಾದಿದ್ದ ಮ್ಯೂನಿಕ್ಕಿನ ಸಂಗ್ರಹಕಾರನ ಫೋನನ್ನು ಎತ್ತಲಿಲ್ಲ. ಆರು ವಾರ ಕೂತು ಕೊನೆಯ ಕಲೆಯವರೆಗೂ ತೊಳೆದ, ಒರೆಸಿದ, ಎಣ್ಣೆ ಸವರಿದ. ಅವನ ಬದುಕಿನಲ್ಲೇ ಅಷ್ಟು ಭಕ್ತಿಯಿಂದ ಮಾಡಿದ ಕೆಲಸ ಇನ್ನೊಂದಿರಲಿಲ್ಲ.

ಮಖಮಲ್ ಹಾಸಿದ ಪೆಟ್ಟಿಗೆಯನ್ನು ಫಾಕ್ಲರಮ್ಮನ ಅಡುಗೆಮನೆಯ ಮೇಜಿನ ಮೇಲೆ ತೆರೆದಿಟ್ಟು ಅವನು ಎಲ್ಲವನ್ನೂ ಒಪ್ಪಿಕೊಂಡ. ತಾನು ಏನು ಉದ್ಯೋಗದವನು, ಇದರ ಬೆಲೆ ಎಷ್ಟೆಂದು ಮೊದಲೇ ಗೊತ್ತಿದ್ದದ್ದು, ಬೇಕೆಂದೇ ಏಮಾರಿಸಿದ್ದು. ಅಂಗಲಾಚಿ ಕ್ಷಮೆ ಕೇಳಿದ. ಬಿಳಿ ಅಕ್ಷರಗಳು ಬೆಳಕಿಗೆ ಬರುವಂತೆ ಹೆಲ್ಮೆಟ್ಟನ್ನು ತಿರುಗಿಸಿ ಹಿಡಿದ.

"ನಿಮ್ಮ ಯಜಮಾನರದು, ಅಮ್ಮಾ. ನಿಮ್ಮ ಮನೇಲೇ ಇರಬೇಕಾದ್ದು."

ಅವಳು ಅಳುತ್ತಾಳೆಂದು ಅವನು ಕಾದ. ಅವಳು ಕುರ್ಚಿಯ ಬೆನ್ನು ಹಿಡಿದು ಮೆಲ್ಲನೆ ಕೂತಳು. ಬೆಲೆಯ ಮಾತೆತ್ತಲಿಲ್ಲ.

"ಹಾಗಾದ್ರೆ ಹೊಂಡ ಇಲ್ವಾ ನಿಮ್ಮನೇಲಿ?"

"ಇಲ್ಲಮ್ಮಾ."

"ಒಂದು ದಿನಾನೂ ಅದ್ದಲಿಲ್ವಾ?"

"ಛೆ, ಇಂಥದ್ದನ್ನ ಅದ್ದೋದುಂಟೇ?" ಎಂದ ಲೋಥಾರ್. "ಒಂದು ಚೂರೂ ಹೊಲಸಿಲ್ಲ ನೋಡಿ."

ಅವಳು ನೋಡಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನ ತುದಿಯನ್ನು ಹೆಲ್ಮೆಟ್ಟಿನ ಮೇಲೆ ಎಳೆದು ಆ ಹೆಸರನ್ನು ಮುಚ್ಚಿದಳು.

"ನನಗೆ ಗೊತ್ತಿತ್ತಪ್ಪಾ. ಹಿಡಿಕೆ ಹಾಕಿದ್ದು ಆಲೋಯಿಸೇ. ಇದನ್ನ ತಲೆಗಿಟ್ಟುಕೊಂಡೇ ಅವನು ಪೂರ್ವದ ಯಾವುದೋ ಹಳ್ಳೀಲಿ ಹೆಂಗಸರು ಮಕ್ಕಳನ್ನ ಗುಂಡಿಯ ಅಂಚಿಗೆ ನಿಲ್ಲಿಸಿ ಗುಂಡು ಹಾರಿಸಿದ್ದ. ಬಂದವನು ಸಾಯೋವರೆಗೂ ದಿನಾ ತನ್ನ ಕೈಯಾರೆ ಇದನ್ನ ಹೊಲಸಿಗೆ ಅದ್ದಿದ. ಸಾಯುವಾಗ, ನೀನೂ ನಿಲ್ಲಿಸಬೇಡ, ಯಾವತ್ತೂ ತೊಳೀಬೇಡ ಅಂತ ನನ್ನಿಂದ ಮಾತು ತಗೊಂಡ."

ಏಪ್ರನ್ನಿನ ಮೇಲಿನ ಕೈ ತೆಗೆಯದೆ ಅವಳು ಹೇಳಿದಳು: "ಪಾಪ ಒಪ್ಪಿಕೊಳ್ಳೋಕೆ ಪಾದ್ರಿ ಹತ್ರ ಹೋಗಲೇ ಇಲ್ಲ. ಎಲ್ಲಿ ಕ್ಷಮಿಸಿಬಿಡ್ತಾರೋ ಅಂತ ಹೆದರಿದ್ದ."