ನಾಲ್ಕು ಬೆರಳು ಹೆಚ್ಚು

ತೆರಿಗೆ ಕಚೇರಿಯ ಗುಮಾಸ್ತ ಬರೆದುಕೊಟ್ಟ ಚೀಟಿಯನ್ನು ಬಸ್ ಚಾಲಕ ಎರಡು ಸಲ ಓದಿ ಹೆಂಡತಿಯ ಕೈಗಿಟ್ಟ. "ಆಡಿದ ಮಾತು ಆಡಿದ ಮಾತೇ. ಮನೆ ಕೊಂಡರೆ ಒಂದು ವರ್ಷದ ತೆರಿಗೆ ನಮ್ಮ ಒಂದು ತಿಂಗಳ ಬಾಡಿಗೆ ದಾಟಬಾರದು ಅಂದಿದ್ವಿ. ದಾಟಿದೆ. ಎದ್ದೇಳು, ಆ ಮನೆ ಆಸೆ ಇಲ್ಲಿಗೆ ಬಿಡೋಣ."

ಹೊಲಿಗೆ ಕೆಲಸ ಮಾಡುವ ಹೆಂಡತಿ ಏಳಲಿಲ್ಲ. ಊರಂಚಿನಲ್ಲಿ, ಗಂಡನ ಬಸ್ಸು ತಿರುಗಿಕೊಳ್ಳುವ ಜಾಗದ ಹಿಂದಿನ ಬೀದಿಯಲ್ಲಿದೆ ಆ ಮನೆ. ಎರಡು ಕೋಣೆ, ನಡುಮನೆ, ಅಡುಗೆಮನೆ, ಮುಂದೊಂದು ಜಾಲರಿ ಹಾಕಿದ ಜಗುಲಿ. ಸಂಜೆಯೊಳಗೆ ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ ಎಂದಿದ್ದಾರೆ ಮಾರುವವರು. ಈಗ ಅವರು ಬಾಡಿಗೆಗಿರುವುದು ಒಂದೇ ಕೋಣೆಯಲ್ಲಿ. ಬಟ್ಟೆ ಕತ್ತರಿಸುವ ಮೇಜೇ ಮಕ್ಕಳಿಬ್ಬರ ಓದಿನ ಮೇಜು. ಮೊನ್ನೆ ಯಾರದೋ ಅಂಗಿಯ ತೋಳಿನ ಜೊತೆ ದೊಡ್ಡವಳ ಲೆಕ್ಕದ ಪುಸ್ತಕದ ಹಾಳೆಯೂ ಕತ್ತರಿಗೆ ಸಿಕ್ಕಿತ್ತು. ಆ ಹುಡುಗಿ ಅಳಲಿಲ್ಲ. ತುಂಡೆರಡನ್ನೂ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಅತ್ತಿದ್ದರೇ ಚೆನ್ನಾಗಿತ್ತು ಎಂದು ತಾಯಿಗೆ ಇವತ್ತಿಗೂ ಅನ್ನಿಸುತ್ತದೆ.

"ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಕಣೇ," ಎಂದ ಗಂಡ, ತಗ್ಗಿದ ದನಿಯಲ್ಲಿ.

"ಹಾಸಿಗೆ ಸಾಲದೆ ಹೋದ್ರೆ ಇನ್ನೊಂದು ತುಂಡು ಸೇರಿಸಿ ಹೊಲೀಬೇಕು. ಬೆಳೆಯೋ ಮಕ್ಕಳ ಕಾಲು ಮಡಿಸಿಡೋಕಾಗುತ್ತಾ?"

"ತಾಳಿ, ತಾಳಿ," ಎಂದು ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿದ. ಆತನ ಒಂದು ಕೈಯಲ್ಲಿ ಆ ಮನೆಯ ಹಳೆಯ ಕಾಗದ, ಇನ್ನೊಂದರಲ್ಲಿ ಆಕೆ ಬರೆದು ತಂದಿದ್ದ ಅಳತೆ. "ಇದರಲ್ಲಿ ಏಳುನೂರ ಎಂಬತ್ನಾಲ್ಕು ಚದರಡಿ, ನಿಮ್ಮದರಲ್ಲಿ ಎಂಟುನೂರ ಹದಿನೈದು. ಎಂಟುನೂರು ದಾಟಿದ್ರೆ ದರಾನೇ ಬೇರೆ ಅಮ್ಮ. ಈ ಕುರ್ಚಿ ಸವೆಸಿ ಇಪ್ಪತ್ತೆರಡು ವರ್ಷ ಆಯ್ತು. ಮನೇನ ಕುಗ್ಗಿಸಿ ಬರೆಯೋರನ್ನ ದಿನಾ ನೋಡ್ತೀನಿ. ಹಿಗ್ಗಿಸಿ ಬರೆದೋರು ನೀವೇ ಮೊದಲು! ಯಾರಮ್ಮ ಅಳೆದಿದ್ದು?"

"ನಾನೇ. ಇವರು ಪಟ್ಟಿಯ ಆ ತುದಿ ಹಿಡಿದಿದ್ರು," ಎಂದು ಆಕೆ ಎರಡು ಕಾಗದಗಳನ್ನೂ ಮೇಜಿನ ಮೇಲೆ ಜೋಡಿಸಿಟ್ಟು ನೋಡಿದಳು. ಒಂದೊಂದು ಉದ್ದದಲ್ಲೂ ಒಂದೊಂದು ಅಗಲದಲ್ಲೂ ಸರಿಯಾಗಿ ನಾಲ್ಕು ಬೆರಳು ಹೆಚ್ಚು. ಆಕೆಯ ಮುಖ ಕೆಂಪಾಯಿತು. "ಅಯ್ಯೋ ನನ್ನ ಕೈಯೇ! ಮಕ್ಕಳ ಬಟ್ಟೆಗೆ ಯಾವತ್ತೂ ನಾಲ್ಕು ಬೆರಳು ಒಳಗೆ ಮಡಿಕೆ ಬಿಡ್ತೀನಿ ಸಾರ್, ಬೆಳೆದ ಹಾಗೆ ಬಿಚ್ಚೋಕೆ. ಇದೂ ಮಕ್ಕಳಿಗೆ ಅಂತ ಅಳೆದ ಮನೆ ತಾನೇ, ಅಭ್ಯಾಸದಲ್ಲಿ ಕೈ ಇದಕ್ಕೂ ಮಡಿಕೆ ಬಿಟ್ಟುಬಿಟ್ಟಿದೆ."

ಗುಮಾಸ್ತ ಹೊಟ್ಟೆ ಹಿಡಿದು ನಕ್ಕ. ಚಾಲಕನಿಗೂ ನಗು ತಡೆಯಲಾಗಲಿಲ್ಲ. "ಪುಣ್ಯ, ಗೋಡೆಗೆ ಗುಂಡಿ ಹೊಲಿಯಲಿಲ್ಲವಲ್ಲ!" ಹಳೆಯ ಅಳತೆಯಂತೆ ಹೊಸ ಚೀಟಿ ತಯಾರಾಯಿತು. ತೆರಿಗೆ ಬಾಡಿಗೆಗಿಂತ ಕೂದಲೆಳೆಯಷ್ಟು ಕೆಳಗೇ ನಿಂತಿತು. ದೇವರು ಕಣ್ಣು ಬಿಟ್ಟ ಎಂದುಕೊಂಡು ಗಂಡ ಎದ್ದು ನಿಂತ. ಅಷ್ಟರಲ್ಲಿ ಗುಮಾಸ್ತ ಲೇಖನಿ ಎತ್ತಿ ಕೇಳಿದ: "ಬರೀ ವಾಸಕ್ಕೆ ತಾನೇ? ಅಂಗಡಿ, ಕಸುಬು, ಏನೂ ಇಲ್ವಲ್ಲ?"

ಗಂಡನ ಚಪ್ಪಲಿ ಹೆಂಡತಿಯ ಪಾದವನ್ನು ಮೆಲ್ಲಗೆ ಒತ್ತಿತು.

"ಜಗುಲೀಲಿ ಹೊಲಿಗೆ ಯಂತ್ರ ಇಡ್ತೀನಿ ಸಾರ್," ಎಂದಳು ಆಕೆ.

ಗುಮಾಸ್ತ ನಿಟ್ಟುಸಿರಿಟ್ಟ. "ಹಾಗಾದ್ರೆ ಜಗುಲಿಗೆ ಅಂಗಡಿ ದರ ಬೀಳುತ್ತೆ. ಮತ್ತೆ ಬಾಡಿಗೆ ದಾಟುತ್ತೆ ನೋಡಿ, ಸ್ವಲ್ಪವೇ ಆದ್ರೂ."

"ಬಾಯಿಗೆ ಬಂದ ತುತ್ತನ್ನ ಕೈಯಾರೆ ತಳ್ಳಿದೆಯಲ್ಲೇ!" ಎಂದು ಚಾಲಕ ಕುರ್ಚಿಗೆ ಕುಸಿದ. "ಒಂದು ಪರದೆ ಎಳೆದಿದ್ರೆ ಆಗ್ತಿತ್ತು. ಯಾರು ಬಂದು ನೋಡ್ತಾರೆ?"

"ಯಾರೂ ನೋಡದೆ ಇರಬಹುದು. ಆದ್ರೆ ಬಾಗಿಲು ತಟ್ಟಿದ ಸದ್ದಾದಾಗಲೆಲ್ಲ ನಮ್ಮ ಮಗಳು ಪುಸ್ತಕ ಬಿಟ್ಟು ಓಡಿಬಂದು ಪರದೆ ಎಳೀಬೇಕಾ? ಅಂಥ ಮನೆಗಿಂತ ನಮ್ಮ ಮೆಟ್ಟಿಲೇ ವಾಸಿ ರೀ." ಆಕೆಯ ದನಿ ಏರಲಿಲ್ಲ, ದಾರ ಪೋಣಿಸುವಾಗಿನ ಹಾಗೆ ನೆಟ್ಟಗಿತ್ತು. "ಹೆಚ್ಚಿಗೆ ಬಿದ್ದದ್ದನ್ನ ಆ ಯಂತ್ರವೇ ಕಟ್ಟುತ್ತೆ. ತಿಂಗಳಿಗೆ ಒಂದು ಅಂಗಿ ಜಾಸ್ತಿ ಹೊಲಿದ್ರೆ ಮುಗೀತು. ಬಚ್ಚಿಡದೆ ಇದ್ರೆ ಬಾಗಿಲಿಗೆ ಅಂಗಡಿ ಹಲಗೆ ತೂಗಹಾಕಬಹುದು. ಹಲಗೆ ನೋಡಿ ಒಬ್ಬರಾದ್ರೂ ಬರಲ್ವಾ? ಈ ಕೈ ಕೊಟ್ಟ ದೇವರು ಕೆಲಸ ಕೊಡದೆ ಇರ್ತಾನಾ?"

ಗಂಡ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ. ಹದಿನಾರು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವನು, ಎಲ್ಲಿ ತಿರುಗಿಸಬೇಕೆಂದು ಬಲ್ಲವನು. "ಯಂತ್ರ ಜಾಲರಿ ಪಕ್ಕ ಇಡ್ತೀಯಾ, ಗೋಡೆ ಪಕ್ಕಾನಾ?" ಎಂದು ಕೇಳಿದ.

"ಜಾಲರಿ ಪಕ್ಕ. ಬೆಳಕು ಎಡಗಡೆಯಿಂದ ಬರಬೇಕು."

ಚಾಲಕ ಗುಮಾಸ್ತನ ಕೈಯಿಂದ ಲೇಖನಿ ತೆಗೆದುಕೊಂಡ. ಜಗುಲಿಯ ಉಪಯೋಗ ಎಂಬಲ್ಲಿನ ಪುಟ್ಟ ಚೌಕದಲ್ಲಿ ತನ್ನ ದಪ್ಪ ಅಕ್ಷರಗಳಲ್ಲಿ 'ಹೊಲಿಗೆ ಅಂಗಡಿ' ಎಂದು ತಾನೇ ಬರೆದ.

"ಅಕ್ಷರ ಗೆರೆ ದಾಟಿದೆಯಲ್ಲಪ್ಪಾ," ಎಂದ ಗುಮಾಸ್ತ.

"ಇರಲಿ ಬಿಡಿ ಸಾರ್," ಎಂದ ಚಾಲಕ. "ನಾಲ್ಕು ಬೆರಳು ಮಡಿಕೆ ಬಿಟ್ಟಿದೀನಿ."