ಮೇಜಿನ ಮೇಲಿನ ವಿಮಾನ

ಮಗಳ ತರಬೇತಿಯ ಸಾಲಕ್ಕಾಗಿ ತಾಯಿ ತನ್ನ ಮನೆಯ ಅಡಮಾನ ಪತ್ರಕ್ಕೆ ಸಹಿ ಹಾಕಲು ಲೇಖನಿ ಎತ್ತಿದಾಗ, ವಿಮಾನ ಸಂಸ್ಥೆಯ ನೇಮಕಾಧಿಕಾರಿ ಮೇಜಿನ ಮೇಲಿದ್ದ ಆಟಿಕೆ ವಿಮಾನವನ್ನು ದೇವವಿಗ್ರಹವೋ ಎಂಬಷ್ಟು ಗಾಂಭೀರ್ಯದಿಂದ ಅವಳತ್ತ ತಿರುಗಿಸಿದ.

“ನಿಮ್ಮ ಮಗಳು ಪೈಲಟ್ಟೇ, ಒಪ್ಪಿದೆ. ಆದ್ರೆ ಈ ಮಾದರಿ ಹಾರಿಸೋಕೆ ಬೇರೆ ತರಬೇತಿ ಬೇಕಮ್ಮಾ. ಖರ್ಚು ನಿಮ್ಮದು. ಮುಗಿದ್ಮೇಲೆ ಕೆಲಸದ ಮಾತು ನೋಡೋಣ.”

ಮಗಳು ಕಿಟಕಿಯಾಚೆ ಸಾಲಾಗಿ ನಿಂತಿದ್ದ ಸಂಸ್ಥೆಯ ವಿಮಾನಗಳನ್ನು ನೋಡಿದಳು. “ಸಾರ್, ಅಲ್ಲಿ ಈ ಮಾದರಿದು ಒಂದೂ ಇಲ್ವಲ್ಲ?”

“ಬರ್ತವೆ. ಕೊಳ್ಳೋ ಮಾತುಕತೆ ನಡೀತಿದೆ.”

“ನಿಮ್ಮ ವಿಮಾನ ಬರೋ ಮೊದಲೇ ನಮ್ಮಮ್ಮನ ಮನೆ ಹೋಗ್ಬೇಕಾ?”

ಲಜ್ಜೆಯೆಂಬುದು ದಾರಿ ತಪ್ಪಿಯೂ ಅಧಿಕಾರಿಯ ಮುಖದತ್ತ ಸುಳಿಯಲಿಲ್ಲ. “ನೀವಲ್ಲದಿದ್ರೆ ಇನ್ನೊಬ್ರು. ಹೊರಗೆ ಕಾಯ್ತಿದ್ದಾರೆ.”

ತಾಯಿ ಲೇಖನಿಗೆ ಮುಚ್ಚಳ ಹಾಕಿದಳು. ಬೆರಳ ತುದಿಯಿಂದ ಆಟಿಕೆಯನ್ನು ಅವನ ಮುಂದಕ್ಕೆ ತಳ್ಳಿದಳು.

“ಆಡ್ಕೊಳ್ಳಿ ಸ್ವಾಮಿ. ನಿಮ್ಮ ಹತ್ರ ಇರೋದು ಇದೊಂದೇ.”