ನೌಕೆಯಿಂದ ಕಿತ್ತ ಬಾಗಿಲು

ಹಳೇ ತೇಗಕ್ಕೆ ವಾರ್ನಿಷ್ ಹಚ್ಚುವಾಗಲೆಲ್ಲ ನನಗೆ ಸಿಂಗಪುರದ ಹಳೇ ಸಾಮಾನಿನ ಸಂತೆಯ ಆ ಮಧ್ಯಾಹ್ನ ನೆನಪಾಗುತ್ತದೆ. “ಇಷ್ಟ ಆದ ವಸ್ತುನ ಮುಟ್ಬೇಡ ಪುಟ್ಟಿ, ರೇಟು ಏರತ್ತೆ,” ಎಂದು ಅಜ್ಜ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು. ನೀವೂ ನೆನಪಿಡಿ, ಒಳ್ಳೆಯ ಮಾತು.

ಅಲ್ಲೊಂದು ಕಪಾಟಿನ ಬಾಗಿಲಿತ್ತು. ಸಾಹುಕಾರನೊಬ್ಬನ ವಿಹಾರನೌಕೆಯನ್ನು ನೌಕಾಪಡೆ ಯುದ್ಧಕ್ಕೆಂದು ವಶಕ್ಕೆ ಪಡೆದು, ಬೂದುಬಣ್ಣ ಬಳಿದು ತೋಪು ಕೂರಿಸುವಾಗ ಕಿತ್ತೆಸೆದದ್ದು ಎಂದ ಅಂಗಡಿಯವನು. ಅಜ್ಜ ಅದನ್ನು ತಿರುವಿದರು. ಒಳಬದಿಯಲ್ಲಿ ಚಾಕುವಿನಿಂದ ಕೆತ್ತಿದ ಕನ್ನಡ ಅಕ್ಷರಗಳಿದ್ದವು: ಶೀನ. ಆ ನೌಕೆಯಲ್ಲಿ ಅಡುಗೆಗಿದ್ದ ಅಜ್ಜನ ತಮ್ಮ. ಯುದ್ಧಕ್ಕೂ ಅದರಲ್ಲೇ ಹೋದವನು ಮರಳಿರಲಿಲ್ಲ. ಅಜ್ಜನ ಬೆರಳು ಅಕ್ಷರಗಳ ಮೇಲೆಯೇ ನಿಂತಿತು. ಅದನ್ನು ನೋಡಿದ ಅಂಗಡಿಯವನು ದುಬಾರಿ ಬೆಲೆ ಹೇಳಿದ.

“ಅಂಕಲ್, ಸೋ ಎಕ್ಸ್‌ಪೆನ್ಸಿವ್ ಲಾ!” ಎಂದು ಅಂಗಡಿಯವನಿಗೆ ಅಲ್ಲಿಯವರ ಧಾಟಿಯಲ್ಲೇ ಹೇಳಿದೆ ನಾನು.

“ಸುಮ್ನಿರು ಪುಟ್ಟಿ.” ಅಜ್ಜ ಬಾಗಿಲನ್ನು ಎದೆಗವಚಿಕೊಂಡರು. “ನಮ್ಮ ಶೀನಂಗೆ ಯಾರಾದ್ರೂ ಚೌಕಾಸಿ ಮಾಡ್ತಾರೇನೇ?”